ಗಾಜು ನೆಕ್ಕುವ ಮೀನು

ಮನೆಯೊಳಗೆ ಮೀನು ಸಾಕುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮೀನು ತಿನ್ನುವವರ ಬಗ್ಗೆ ತಕರಾರಿಲ್ಲ. ನಾನು ತಿನ್ನುವವನಲ್ಲವಾದರೂ, ಮೀನಿನಿಂದ ತಮಗೇನು ಬೇಕೆಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿರುತ್ತದೆ. ಎಮ್ಮೆ ಸಾಕಿದವನಿಗೆ ಹಾಲು ಸಿಗುತ್ತದೆ, ನಾಯಿ ಸಾಕಿದವನಿಗೆ ಬಾಲದ ಮರ್ಯಾದೆ ಸಿಗುತ್ತದೆ, ಬೆಕ್ಕು ಸಾಕಿದವನಿಗೆ ಬೆಕ್ಕಿನ ತಿರಸ್ಕಾರವಾದರೂ ಸಿಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕಿದವನಿಗೆ ಸಿಗುವುದು ಒಂದೇ. ಮನೆಗೆ ಬಂದವರು ಚಹಾ ಬರುವ ತನಕ ಅದನ್ನು ನೋಡುತ್ತಾರೆ, ‘ಮೀನ ಸಾಕೀರೇನ್ರಿ’ ಎನ್ನುತ್ತಾರೆ. ಆ ಒಂದು ಮಾತಿಗಾಗಿ ವರ್ಷವಿಡೀ ಪಾಚಿ ತೊಳೆಯುವ ಗೃಹಸ್ಥರನ್ನು ನೋಡಿದರೆ ನನಗೆ ಮರುಕವೂ ಬರುವುದಿಲ್ಲ.

ಈ ಅಭಿಪ್ರಾಯ ಓದಿನಿಂದ ಬಂದದ್ದಲ್ಲ. ಎಪ್ಪತ್ತರ ದಶಕದಲ್ಲಿ ಸಿಂದಗಿಯ ನನ್ನ ಮಾವನವರ ಮನೆಯ ಪಡಸಾಲೆಯಲ್ಲಿ, ನಾರುವ ನೀರಿನೊಳಗೆ ಮೊಣಕೈತನಕ ಕೈ ಅದ್ದಿ ನಿಂತು ಸಂಪಾದಿಸಿದ್ದು.

ಮಾವ ಮಲ್ಲಪ್ಪ ಸಾವ್ಕಾರರು ಸಿಂದಗಿಯ ಪೇಟೆಯಲ್ಲಿ ಜೋಳ, ತೊಗರಿ ಕೊಂಡು ಮಾರಿಸುವ ಅಡತಿ ಅಂಗಡಿ ಇಟ್ಟವರು. ಗಂಡುಮಕ್ಕಳಿಲ್ಲ. ಇಬ್ಬರು ಹೆಣ್ಣುಮಕ್ಕಳಲ್ಲಿ ಹಿರಿಯವಳು ಕಸ್ತೂರಿ, ನನ್ನ ಹೆಂಡತಿ, ಕಿರಿಯವಳು ನೀಲಾ. ನಾನು ಇಂಡಿಯ ಕಡೆಯವನು. ಸಿಂದಗಿಯ ಹೈಸ್ಕೂಲಿಗೆ ಸೈನ್ಸ್ ಮಾಸ್ತರನಾಗಿ ಬಂದವನು ಮದುವೆಯಾದ ಮೇಲೆ ಬಾಡಿಗೆ ಕೋಣೆ ಬಿಟ್ಟು ಅದೇ ಮನೆಯಲ್ಲಿ ನೆಲೆಗೊಂಡೆ. ಮನೆ ಅಳಿಯ ಎಂಬ ಮಾತನ್ನು ನಮ್ಮ ಮಂದಿ ಎದುರಿಗೆ ಆಡುವುದಿಲ್ಲ. ನಾವು ಓಣಿಯ ತಿರುವು ದಾಟುವ ತನಕ ಕಾಯುವಷ್ಟು ಸಭ್ಯತೆ ಅವರಿಗಿದೆ.

ಒಂದು ವರ್ಷ ಮಾವನವರು ವ್ಯಾಪಾರಕ್ಕೆಂದು ಸೊಲ್ಲಾಪುರಕ್ಕೆ ಹೋದವರು ಅಲ್ಲಿಯ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಮೀನಿನ ಪೆಟ್ಟಿಗೆ ನೋಡಿದರು. ನೋಡಿದ್ದರಲ್ಲಿ ತಪ್ಪಿಲ್ಲ, ನೋಡಿದ್ದನ್ನು ಮರೆಯಬಹುದಿತ್ತು. ಆದರೆ ಸಾವ್ಕಾರಿಕೆ ಎನ್ನುವುದೇ ಮತ್ತೊಬ್ಬ ಸಾವ್ಕಾರನ ಮನೆಯಲ್ಲಿ ಕಂಡದ್ದನ್ನು ಮರೆಯಲಾಗದ ಒಂದು ಕಾಯಿಲೆ. ಜೋಳ ಹೇರಿಕೊಂಡು ಹೋದ ಲಾರಿ ತಿರುಗಿ ಬರುವಾಗ ಗೋಣಿತಟ್ಟಿನಲ್ಲಿ ಸುತ್ತಿದ ಗಾಜಿನ ಪೆಟ್ಟಿಗೆ ತಂದಿತು. ಮಾವನವರು ಡ್ರೈವರನ ಪಕ್ಕದಲ್ಲಿ, ತೊಡೆಯ ಮೇಲೆ ನೀರಿನ ಡಬ್ಬಿ ಇಟ್ಟುಕೊಂಡು, ಕೈಗೂಸನ್ನು ಕರೆತರುವ ಬಾಣಂತಿಯಂತೆ ಕೂತು ಬಂದರು.

ಅತ್ತೆ ಗೌರವ್ವನವರು ಬಾಗಿಲಲ್ಲೇ ತಡೆದರು. “ದಿನಾ ಲಿಂಗಪೂಜಿ ಆಗೋ ಮನ್ಯಾಗ ಮೀನ ಬಂದ್ರ ಊರಾಗ ಏನಂತಾರ?”

“ತಿನ್ನಾಕ ತಂದಿಲ್ಲ, ನೋಡಾಕ ತಂದೇನಿ” ಎಂದರು ಮಾವ.

“ನೋಡಾಕ ಎಮ್ಮಿ ಅದಾವಲ್ಲ.”

ಮಾವನವರ ಬಳಿ ಇದಕ್ಕಿಂತ ದೊಡ್ಡ ಕಾರಣವಿತ್ತು. ನೀಲಾ ವಿಜಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿ ಬಂದಿದ್ದಳು. ಅವಳನ್ನು ನೋಡಲು ಮುದ್ದೇಬಿಹಾಳದಿಂದ ದೊಡ್ಡ ಮನೆತನದವರು ಬರುವವರಿದ್ದರು, ಹುಡುಗ ಓವರ್ಸಿಯರ್. “ಅಂಥಾ ಮಂದಿ ಬಂದು ಪಡಸಾಲ್ಯಾಗ ಕುಂತು ಬರೇ ಗ್ವಾಡಿ ನೋಡಬೇಕೇನು?” ಎಂದು ಮಾವ ಕೇಳಿದರು. ಪಡಸಾಲೆಯಲ್ಲಿ ನೋಡಲು ಹುಡುಗಿಯೂ ಇರುತ್ತಾಳೆ ಎಂಬುದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ.

ಡಬ್ಬಿಯಲ್ಲಿ ಕೆಲವು ಕೆಂಪು ಮೀನುಗಳಿದ್ದವು, ಹಬ್ಬಕ್ಕೆ ಸಿಂಗಾರವಾದ ಮಕ್ಕಳ ಹಾಗೆ. ಅವುಗಳ ಕೆಳಗೆ ಮಣ್ಣುಬಣ್ಣದ, ಚುಕ್ಕೆಚುಕ್ಕೆಯ ಒಂದು ಪ್ರಾಣಿ ಡಬ್ಬಿಯ ತಳಕ್ಕೆ ಅಂಟಿಕೊಂಡಿತ್ತು. ಸೊಲ್ಲಾಪುರದ ಅಂಗಡಿಯವನು ಇದನ್ನು ಸಕ್ಕರ್ ಎಂದು ಕರೆದಿದ್ದನಂತೆ. ಗಾಜಿಗೆ ಬಾಯಿ ಹಚ್ಚಿ ಪಾಚಿಯನ್ನೆಲ್ಲ ನೆಕ್ಕುತ್ತದೆ, ಇದೊಂದಿದ್ದರೆ ಪೆಟ್ಟಿಗೆ ತೊಳೆಯುವ ಕೆಲಸವೇ ಇಲ್ಲ ಎಂದಿದ್ದನಂತೆ. ನಮ್ಮ ಮನೆಯಲ್ಲಿ ಆ ಹೆಸರು ಸಂಜೆಯೊಳಗೆ ಸಕ್ಕರಿ ಆಯಿತು. ಸಕ್ಕರೆಗೂ ಅದಕ್ಕೂ ಇದ್ದ ಸಂಬಂಧ ಇಷ್ಟೇ: ಎರಡಕ್ಕೂ ನೊಣ ಮುತ್ತುವುದನ್ನು ನಾನು ನೋಡಿದ್ದೇನೆ.

ಮೀನಿಗೆ ನಮ್ಮ ದೇಶದಲ್ಲಿ ದೊಡ್ಡ ಮರ್ಯಾದೆಯಿದೆ. ದೇವರು ಮೊದಲ ಅವತಾರಕ್ಕೆ ಆರಿಸಿಕೊಂಡದ್ದು ಮೀನನ್ನು. ಮನ್ಮಥನ ಬಾವುಟದ ಮೇಲಿರುವುದು ಮೀನು. ಹೆಣ್ಣಿನ ಕಣ್ಣು ಮೀನಿನ ಹಾಗಿದೆ ಎಂದು ಹೇಳದ ಕವಿಯೇ ಇಲ್ಲ. ಆದರೆ ಇವರೆಲ್ಲ ಸಕ್ಕರಿ ಮೀನನ್ನು ನೋಡಿದವರಲ್ಲ. ತಲೆ ಚಪ್ಪಟೆ, ಮೈಮೇಲೆ ಚಿಪ್ಪಿನ ಕವಚ, ರೆಕ್ಕೆಯ ಅಂಚಿಗೆ ಮುಳ್ಳು. ಬಾಯಿ ಇರಬೇಕಾದ ಜಾಗದಲ್ಲಿಲ್ಲ, ಹೊಟ್ಟೆಯ ಕಡೆ ತಿರುಗಿದೆ. ಹೊಟ್ಟೆಗೂ ಬಾಯಿಗೂ ಇಷ್ಟು ಹತ್ತಿರದ ಸಂಬಂಧ ಇಟ್ಟುಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಣ್ಣಂತೂ ಸಣ್ಣದು, ಮೇಲಿನಿಂದ ಒಂದು ತುಣುಕು ಪರದೆ ಇಳಿಬಿದ್ದು, ಅಂಗಡಿಯ ಅರ್ಧ ಮುಚ್ಚಿದ ಬಾಗಿಲಿನಂತೆ ಕಾಣುತ್ತಿತ್ತು. ಇಂಥ ಕಣ್ಣು ಎಂದು ಯಾವ ಹೆಣ್ಣುಮಗಳಿಗಾದರೂ ಹೇಳಿದ ಕವಿ ಮುಂದಿನ ಪದ್ಯ ಬರೆಯಲು ಉಳಿಯುತ್ತಿರಲಿಲ್ಲ.

ಮಾವನವರಿಗೆ ಮಾತ್ರ ಅದರ ಮೇಲೆಯೇ ಅಭಿಮಾನ. ಕೆಂಪು ಮೀನುಗಳು ಬರೀ ಚಂದ, ಇದು ದುಡಿಯುವ ಜೀವ ಎಂಬುದು ಅವರ ವಾದ. ಜೊತೆಗೆ ಒಂದು ಅನಿರೀಕ್ಷಿತ ಪುಣ್ಯವೂ ಕೂಡಿಬಂತು. ಸೌತೆಕಾಯಿಯ ಹೋಳನ್ನು ಕಲ್ಲಿಗೆ ಕಟ್ಟಿ ಮುಳುಗಿಸಿದರೆ ಆ ಮೀನು ಬಂದು ಅದರ ಮೇಲೆ ಕವುಚಿಕೊಂಡು, ಬೆಳಗಾಗುವುದರೊಳಗೆ ಸಿಪ್ಪೆಯಷ್ಟೇ ಉಳಿಸುತ್ತಿತ್ತು. ಪಾಲಕ್ ಸೊಪ್ಪೂ ನಡೆಯುತ್ತಿತ್ತು. ಮಾವ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳತೊಡಗಿದರು: “ನಮ್ಮ ಮೀನ ಪಕ್ಕಾ ಶಾಕಾಹಾರಿರಿ. ಸೌತಿಕಾಯಿ ಬಿಟ್ಟು ಬ್ಯಾರೆ ಏನೂ ಮುಟ್ಟೂದಿಲ್ಲ.” ಜೋಳ ಮಾರಲು ಬಂದ ರೈತರು ಚಕ್ಕಡಿ ನಿಲ್ಲಿಸಿ ಮನೆತನಕ ಬಂದು, ಸಂಸ್ಕಾರವಂತ ಮೀನಿನ ದರ್ಶನ ಮಾಡಿ ಹೋದರು. ಅತ್ತೆಯವರು ಕೂಡ ಸ್ವಲ್ಪ ಮೆತ್ತಗಾದರು. ಬಾಗಿಲಿಗೆ ಹತ್ತಿರದ ಮೂಲೆಯಲ್ಲಿ, ದೇವರ ಕೋಣೆಗೆ ಬೆನ್ನಾಗಿ, ಪೆಟ್ಟಿಗೆಗೆ ಜಾಗ ಸಿಕ್ಕಿತು.

ಇನ್ನು ಅದರ ದುಡಿಮೆ. ಮುಂದಿನ ಗಾಜಿಗೆ ಅಂಟಿಕೊಂಡು, ತುಟಿ ಅಲ್ಲಾಡಿಸುತ್ತ, ಬಂದವರಿಗೆ ಕಾಣುವ ಹಾಗೆ ಒಂದಿಷ್ಟು ನೆಕ್ಕುತ್ತಿತ್ತು. ಬಂದವರು ಹೋದ ಮೇಲೆ ಕಲ್ಲಿನ ಸಂದಿಗೆ ಹೋಗಿ ಬಿದ್ದುಕೊಳ್ಳುತ್ತಿತ್ತು. ಹಿಂದಿನ ಗಾಜಿನ ಪಾಚಿ ಹುಲ್ಲುಗಾವಲಿನಂತೆ ಬೆಳೆದರೂ ಅದಕ್ಕೆ ಪರಿವೆಯಿಲ್ಲ. ತಿಂದದ್ದನ್ನು ಮಾತ್ರ ಪ್ರಾಮಾಣಿಕವಾಗಿ ಹಿಂದಿರುಗಿಸುತ್ತಿತ್ತು. ಕಪ್ಪು ನೂಲಿನಂಥ ಅದರ ಹೊಲಸು ತಳದ ಮರಳಿನ ಮೇಲೆಲ್ಲ ಸುತ್ತಿಕೊಂಡಿರುತ್ತಿತ್ತು. ಸ್ವಚ್ಛ ಮಾಡಲು ತಂದ ಮೀನಿನ ಹಿಂದೆ ಸ್ವಚ್ಛ ಮಾಡಲು ಒಬ್ಬ ಬೇಕಾಯಿತು. “ಸೈನ್ಸ್ ಮಾಸ್ತರು ಮನ್ಯಾಗ ಇದ್ದಾಗ ಮಂದೀನ ಯಾಕ ಕೇಳೂದು?” ಎಂದರು ಮಾವ. ಪ್ರತಿ ರವಿವಾರ ನಾನು ಅಂಗಿ ಬಿಚ್ಚಿ, ರಬ್ಬರ್ ನಳಿಕೆ ಬಾಯಿಗಿಟ್ಟು ನೀರು ಎಳೆದು, ಅನೇಕ ಸಲ ಅದನ್ನು ನುಂಗಿ, ವಿಜ್ಞಾನದ ಸೇವೆ ಮಾಡಿದೆ. ಕಲ್ಲಿನ ಸಂದಿಯಿಂದ ಆ ಅರೆಮುಚ್ಚಿದ ಕಣ್ಣು ನನ್ನನ್ನು ನೋಡುತ್ತಿತ್ತು. ಒಂದೇ ಮನೆಯ ಅನ್ನ ತಿನ್ನುವವರು ನಾವಿಬ್ಬರೂ. ಅದರಲ್ಲಿ ದುಡಿಯುವವನು ನಾನೊಬ್ಬನೇ.

ನನ್ನ ಜೊತೆ ನಿಂತು ಇದನ್ನೆಲ್ಲ ನೋಡುತ್ತಿದ್ದವಳು ನೀಲಾ. ಓದು ಮುಗಿಸಿ ಬಂದ ಹುಡುಗಿಗೆ ಆ ಮನೆಯಲ್ಲಿ ಮಾಡಲು ಬೇರೆ ಕೆಲಸವಿರಲಿಲ್ಲ. ಶಾವಿಗೆ ಹೊಸೆಯುವುದು ಮುಗಿದ ಮೇಲೆ ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕೂಡುತ್ತಿದ್ದಳು. “ಮಾಮಾ, ಇದು ಯಾರರ ಬಂದಾಗ ಅಷ್ಟ ದುಡಿತೈತಿ, ನೋಡಿರೇನು?” ಎಂದು, ಅಕ್ಕನ ಗಂಡನಾದ ನನಗೆ, ಮೊದಲು ಹೇಳಿದವಳು ಅವಳೇ.

ಬೇಸಿಗೆ ಬಂತು. ಸಿಂದಗಿಯ ಬೇಸಿಗೆಯನ್ನು ಸೊಲ್ಲಾಪುರದ ಅಂಗಡಿಯವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕರೆಂಟು ಹೋದಾಗ ಗಾಳಿ ಬಿಡುವ ಸಣ್ಣ ಯಂತ್ರ ನಿಲ್ಲುತ್ತಿತ್ತು, ಪೆಟ್ಟಿಗೆಯ ನೀರು ಸ್ನಾನದ ನೀರಾಗುತ್ತಿತ್ತು. ಕೆಂಪು ಮೀನುಗಳು ಮೇಲೆ ಬಂದು ಬಾಯಿ ತೆರೆದು ನಿಂತವು. ಸಕ್ಕರಿ ಮಾತ್ರ ಆಗಾಗ ಬಾಣದಂತೆ ಮೇಲಕ್ಕೆ ಹಾರಿ, ಒಂದು ಗುಟುಕು ಗಾಳಿ ನುಂಗಿ, ಮತ್ತೆ ತಳಕ್ಕೆ ಹೋಗಿ ಆರಾಮವಾಗಿ ಮಲಗುತ್ತಿತ್ತು. ಅಷ್ಟೇ ಆಗಿದ್ದರೆ ಅದರ ಜಾಣತನ ಎನ್ನಬಹುದಿತ್ತು. ಸೊರಗಿದ ಕೆಂಪು ಮೀನುಗಳ ಪಕ್ಕೆಗೆ ಬಾಯಿ ಹಚ್ಚಿ ನೆಕ್ಕತೊಡಗಿತು. ಅವುಗಳ ಮೈಮೇಲೆ ಬಿಳಿಯ ಗಾಯಗಳಾದವು. ಒಂದೊಂದಾಗಿ ಸತ್ತವು.

ಒಂದು ಮುಂಜಾನೆ ಅತ್ತೆಯವರು ಕಸ ಹೊಡೆಯುವಾಗ ಪೆಟ್ಟಿಗೆಯ ಮುಂದೆ ನಿಂತುಬಿಟ್ಟರು. ಮಾವನವರು ವಿಭೂತಿ ಹಚ್ಚಿಕೊಳ್ಳುತ್ತಿದ್ದರು.

“ಏನ್ರಿ, ನಿಮ್ಮ ಸೌತಿಕಾಯಿ ಭಕ್ತ ಏನ ಮಾಡಾಕತ್ತಾನ ಇಲ್ಲಿ ಬಂದು ನೋಡ್ರಿ.”

ಕೊನೆಯ ಕೆಂಪು ಮೀನು ತಳದಲ್ಲಿ ಬಿದ್ದಿತ್ತು. ಅದರ ಮೇಲೆ ಸಕ್ಕರಿ ಕವುಚಿಕೊಂಡು, ಸೌತೆಕಾಯಿಯನ್ನು ತಿನ್ನುವಷ್ಟೇ ಶಾಂತವಾಗಿ, ಅದನ್ನು ತಿನ್ನುತ್ತಿತ್ತು. ಮಾವ ವಿಭೂತಿಯ ಕೈಯಲ್ಲೇ ಬಂದು ಬಗ್ಗಿ ನೋಡಿದರು. ಆಮೇಲೆ, “ಅದಕ್ಕ ತಿಳೀದಾ ತಿಂದಿರಬೇಕು” ಎಂದರು. ಅತ್ತೆ ಪೆಟ್ಟಿಗೆಯನ್ನು ದೇವರ ಕೋಣೆಯಿಂದ ಇನ್ನಷ್ಟು ದೂರಕ್ಕೆ ತಳ್ಳಿಸಿದರು.

ಅದೇ ಬೇಸಿಗೆಯಲ್ಲಿ ಊರ ನಳ ಬತ್ತಿತ್ತು. ನಮ್ಮ ಹಿತ್ತಲ ಬಾವಿಯಲ್ಲಿ ಇನ್ನೂ ನೀರಿತ್ತು. ಓಣಿಯ ಹೆಂಗಸರು ಬಂದು ಸೇದಿಕೊಂಡು ಹೋಗುತ್ತಿದ್ದರು. ಪಕ್ಕದ ಮನೆಯ ಶಾಂತವ್ವ ಒಂದು ದಿನ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಪಡಸಾಲೆಯ ಬಾಗಿಲಲ್ಲಿ ನಿಂತು, ನಾನು ಪೆಟ್ಟಿಗೆಗೆ ಹೊಸ ನೀರು ಸುರಿಯುವುದನ್ನು ನೋಡಿದಳು. “ಬಾವ್ಯಾಗ ನೀರ ತಳಕ್ಕ ಇಳದೈತಿ. ಇದಕ್ಕ ಮಾತ್ರ ಕೊಡಗಟ್ಟಲೆ ಹೊಯ್ಯಾಕತ್ತೀರಿ. ಇದು ನಿಮಗೇನ ಆಗಬೇಕ್ರಿ ಮಾಸ್ತರ್ರ?” ಎಂದು ಕೇಳಿದಳು. ಕೈಯಲ್ಲಿದ್ದ ಕೊಡವನ್ನು ಅವಳ ಕೊಡಕ್ಕೆ ಬಗ್ಗಿಸಿದೆ. ಆಕೆ ಧನ್ಯವಾದದ ಮಾತಾಡಲಿಲ್ಲ. ಆಡುವ ಸಂದರ್ಭವೂ ಅದಲ್ಲ.

ಇಂಥ ಹೊತ್ತಿನಲ್ಲಿ ಮುದ್ದೇಬಿಹಾಳದವರು ಬಂದರು. ಹುಡುಗನ ತಂದೆ ಜರಿ ರುಮಾಲಿನ ಗೌಡರು, ದೊಡ್ಡ ಧ್ವನಿ. ಹುಡುಗ ಟೆರಿಲಿನ್ ಅಂಗಿ ತೊಟ್ಟಿದ್ದ. ಎಲ್ಲವನ್ನೂ ತಪಾಸಣೆಗೆ ಬಂದವನಂತೆ ನೋಡುತ್ತಿದ್ದ. ಮಾವನವರು ಕೆಂಪು ಮೀನುಗಳ ವಿಷಯ ಎತ್ತದೆ, ಉಳಿದ ಒಂದನ್ನೇ ವರ್ಣಿಸಿದರು: ಎಷ್ಟು ಸಾಧು, ಎಷ್ಟು ಕೆಲಸಗಾರ, ಏನೂ ಬೇಡುವುದಿಲ್ಲ, ಸದ್ದಿಲ್ಲ. ಕಂತ್ರಿ ಮೀನು ಆ ಹೊತ್ತಿಗೆ ಸರಿಯಾಗಿ ಮುಂದಿನ ಗಾಜಿಗೆ ಬಂದು ಅಂಟಿಕೊಂಡು ನೆಕ್ಕತೊಡಗಿತು.

ನೀಲಾ ಚಹಾ ಕೊಟ್ಟು ಚಾಪೆಯ ಅಂಚಿಗೆ ಕೂತಳು. ಹುಡುಗ ಅಡುಗೆಯ ಬಗ್ಗೆ ಕೇಳಿದ, ಹೊಲಿಗೆಯ ಬಗ್ಗೆ ಕೇಳಿದ. ಬಿ.ಎ.ದಲ್ಲಿ ಏನು ಓದಿದೆ ಎಂದು ಕೇಳಲಿಲ್ಲ. ಆಮೇಲೆ ಅವನ ಕಣ್ಣು ಪೆಟ್ಟಿಗೆಗೆ ಹೋಯಿತು. ಸ್ವಲ್ಪ ನಕ್ಕ.

“ಹೆಣ್ಣಮಕ್ಕಳು ಈ ಮೀನಿನಂಗ ಇರಬೇಕು ನೋಡ್ರಿ” ಎಂದು ತನ್ನ ತಂದೆಗೂ ಮಾವನವರಿಗೂ ಸೇರಿಸಿ ಹೇಳಿದ. “ಮಾತಿಲ್ಲ ಕತಿಯಿಲ್ಲ. ಮನಿ ಸ್ವಚ್ಛ ಇಟ್ಟು, ಉಳಿದದ್ದು ತಿಂದು, ತನ್ನ ಪಾಡಿಗೆ ತಾನು ಇರತೈತಿ.” ಗೌಡರು ತಲೆಯಾಡಿಸಿದರು. ನಮ್ಮ ಮಾವನವರೂ ತಲೆಯಾಡಿಸಿದರು. ಹುಡುಗ ಅಲ್ಲಿಗೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಅವನು ನೀಲಾಳ ಕಡೆ ತಿರುಗಿ ಕೇಳಿದ: “ನಿಮಗ ಏನ ಅನ್ನಸತೈತಿ?”

ನೀಲಾ ತಲೆ ಎತ್ತಿದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯಲ್ಲಿ ತನಗೆ ಚೆನ್ನಾಗಿ ಗೊತ್ತಿರುವ ಪ್ರಶ್ನೆ ಬಂದವರ ಸಮಾಧಾನವಿತ್ತು.

“ನಾ ಇದನ್ನ ದಿನಾ ನೋಡ್ತೇನಿರಿ. ಇದು ಮನಿ ಸ್ವಚ್ಛ ಇಡೂದಿಲ್ಲ. ನೀವು ಬಂದೀರಂತ ಮುಂದಿನ ಗಾಜ ನೆಕ್ಕಾಕತ್ತೈತಿ. ಹಿಂದಿನ ಗಾಜ ಎದ್ದು ನೋಡ್ರಿ, ಪಾಚಿ ಹಂಗ ಐತಿ. ತಿನ್ನೂದಕ್ಕಿಂತ ಹೊಲಸ ಮಾಡೂದ ಹೆಚ್ಚು, ಅದನ್ನ ತೊಳಿಯೋರು ನಮ್ಮ ಮಾಮಾ. ಜೋಡಿ ಇದ್ದ ಕೆಂಪು ಮೀನ ಬಲಾ ಇರೂತನಕ ಸುಮ್ನಿತ್ತು. ಅವು ಸೊರಗಿದ ಮ್ಯಾಲ ಮೈ ನೆಕ್ಕಿ ಗಾಯಾ ಮಾಡ್ತು, ಸತ್ತ ಮ್ಯಾಲ ತಿಂತು. ಹೆಣ್ಣಮಕ್ಕಳು ಹಿಂಗ ಇರಬೇಕಂತ ನಿಮ್ಮ ಮನ್ಯಾಗ ಐತಿ ಅಂದ್ರ, ನನ್ನ ಕಡಿಂದ ಆಗೂದಿಲ್ರಿ.” ಕೊನೆಗೆ ಸೇರಿಸಿದಳು: “ಮತ್ತ ಇದು ಹೆಣ್ಣೋ ಗಂಡೋ ಅನ್ನೂದು ನಮಗ ಇನ್ನೂ ಗೊತ್ತಾಗಿಲ್ಲ.”

ಒಳಗಿನಿಂದ ಕಸ್ತೂರಿಯ ಬಳೆಯ ಸದ್ದು ನಿಂತಿತು. ನಾನು ಚಹಾದ ಬಸಿಯನ್ನು ಮುಖಕ್ಕೆ ಅಡ್ಡ ಹಿಡಿದು ಬಹಳ ನಿಧಾನವಾಗಿ ಕುಡಿದೆ. ಗೌಡರು ರುಮಾಲು ಸರಿಪಡಿಸಿಕೊಂಡು, “ಹುಡುಗಿ ಭಾಳ ಓದ್ಯಾಳ” ಎಂದು ಎದ್ದರು. ಹುಡುಗ ಹೋಗುವಾಗ ಪೆಟ್ಟಿಗೆಯ ಹಿಂದೆ ಬಗ್ಗಿ ಗಾಜು ನೋಡಿದ್ದನ್ನು ನಾನು ಕಂಡೆ. ಅವನ ಪರವಾಗಿ ಹೇಳಬಹುದಾದ ಒಂದೇ ಒಳ್ಳೆಯ ಮಾತು ಅದು.

ಮಾವನವರು ಮಗಳನ್ನು ಬಯ್ಯಲಿಲ್ಲ, ಮಾತೇ ಬಿಟ್ಟರು. ಊಟಕ್ಕೆ ಕೂತರೆ ಅವಳು ಬಡಿಸಿದ್ದನ್ನು ಮುಟ್ಟದೆ, ಅತ್ತೆ ಬಂದು ಬಡಿಸಲಿ ಎಂದು ಕಾಯುತ್ತಿದ್ದರು. ನೀಲಾ ದಿನಾ ಬಡಿಸಿದಳು, ದಿನಾ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಹೇಳಿದ ಮಾತಿಗಾಗಿ ಅವಳು ಅಳಲಿಲ್ಲ, ಅಪ್ಪನ ಮೌನಕ್ಕೆ ಅತ್ತಳು. ಪೇಟೆಯಲ್ಲಿ ಸುದ್ದಿ ಹಬ್ಬಿತ್ತು. ಇನ್ನು ಈ ಹುಡುಗಿಯನ್ನು ಯಾರು ಕೇಳುತ್ತಾರೆ ಎಂದು, ಮೊನ್ನೆ ಮೀನಿನ ದರ್ಶನಕ್ಕೆ ಬಂದ ಮಂದಿಯೇ ಅಂಗಡಿಯ ಕಟ್ಟೆಯ ಮೇಲೆ ಕೂತು ಚಿಂತಿಸಿದರು.

ಕೊನೆಗೆ ಮಾವನವರ ಸಿಟ್ಟು ಮೀನಿನ ಕಡೆ ತಿರುಗಿತು. “ಮಾಸ್ತರ್ರ, ಇದು ಇನ್ನ ಮನ್ಯಾಗ ಇರಬಾರದು.” ಕೊಲ್ಲಲು ಅತ್ತೆ ಒಪ್ಪಲಿಲ್ಲ. ಯಂಕಂಚಿಯ ಹತ್ತಿರ ಮಾವನವರ ಹೊಲದಲ್ಲಿ ದನಕ್ಕೆ ನೀರಿಡುವ ದೊಡ್ಡ ಕಲ್ಲಿನ ತೊಟ್ಟಿ ಇತ್ತು, ಅಲ್ಲಿಗೆ ಬಿಡುವುದೆಂದಾಯಿತು. ಮೀನನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ನಾವಿಬ್ಬರೂ ಚಕ್ಕಡಿಯಲ್ಲಿ ಹೋದೆವು.

ತೊಟ್ಟಿಯ ಹತ್ತಿರ ಮಾವ ತಮ್ಮ ಹೆಗಲ ವಸ್ತ್ರ ಹಾಕಿ ಅದನ್ನು ಎತ್ತಿದರು. ಅದು ರೆಕ್ಕೆ ಅಗಲಿಸಿತು. ಮುಳ್ಳುಗಳೆಲ್ಲ ಬಟ್ಟೆಯಲ್ಲಿ ಸಿಕ್ಕಿಕೊಂಡವು. ಎಳೆದರೆ ಬಟ್ಟೆ ಹರಿಯುತ್ತಿತ್ತು, ಮೀನು ಸಾಯುತ್ತಿತ್ತು. ಮಾವ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಡಿದು, ಒಂದೊಂದೇ ಎಳೆ ಬಿಡಿಸತೊಡಗಿದರು. ಅವರ ಬೆರಳು ಗೀರಿತು. ಬಿಡಿಸುತ್ತ ಬಿಡಿಸುತ್ತ ನನ್ನ ಕಡೆ ನೋಡದೆ ಕೇಳಿದರು.

“ಆಕಿ ಹೇಳಿದ್ದು ಖರೆ ಏನು?”

“ಯಾವುದ್ರಿ?”

“ಹಿಂದಿನ ಗಾಜಿನ ಮಾತು.”

“ಖರೇರಿ. ನಾನ ತೊಳಿತಿದ್ದೆ.”

“ಮತ್ತ ನೀವ್ಯಾಕ ನನಗ ಹೇಳಲಿಲ್ಲ?”

“ನೀವು ಕೇಳಲಿಲ್ರಿ.”

ಮಾವ ಕೊನೆಯ ಎಳೆ ಬಿಡಿಸಿದರು. ಮೀನು ತೊಟ್ಟಿಯ ತಳಕ್ಕೆ ಹೋಗಿ ಕಲ್ಲಿಗೆ ಅಂಟಿಕೊಂಡಿತು. “ಹೌದ. ನಾ ಯಾರನ್ನೂ ಕೇಳಲಿಲ್ಲ” ಎಂದರು. “ಆಂವ ಕೇಳಿದ. ಆಕಿ ಹೇಳಿದ್ಲು. ಅದರಾಗ ಆಕೀದೇನ ತಪ್ಪು.”

ಅಂದು ಊಟಕ್ಕೆ ಕೂತಾಗ ನೀಲಾ ರೊಟ್ಟಿ ಹಾಕಿದಳು. ಮಾವ ಮುರಿದು ತಿಂದರು. ಆಮೇಲೆ, “ಮುಂದ ಏನ ಮಾಡಬೇಕಂತಿ?” ಎಂದು ಕೇಳಿದರು. ಆ ಮನೆಯಲ್ಲಿ ಆ ಪ್ರಶ್ನೆ ಅವಳಿಗೆ ಯಾರೂ ಹಾಕಿರಲಿಲ್ಲ. ಬಿ.ಎಡ್. ಮಾಡುತ್ತೇನೆ, ಸಾಲಿಯಲ್ಲಿ ಕಲಿಸುತ್ತೇನೆ ಎಂದಳು. ಮಾವ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ನಮ್ಮ ಮನೆಯಲ್ಲಿ ಒಪ್ಪಿಗೆ ಎಂದರೆ ಅದೇ.

ಮೀನು ಆ ಮಳೆಗಾಲ ಬದುಕಿತ್ತು. ಚಳಿ ಬಿದ್ದ ಮೇಲೆ ಒಂದು ದಿನ ಸತ್ತು ತೇಲಿತು. ತೊಟ್ಟಿಯ ಪಕ್ಕದ ಲಿಂಬೆಗಿಡದ ಬುಡಕ್ಕೆ ಹೂತೆವು. ಆ ಗಿಡ ಮುಂದೆ ಚಲೋ ಕಾಯಿ ಬಿಟ್ಟಿತು. ಆ ಮೀನು ಯಾರಿಗಾದರೂ ಉಪಕಾರ ಮಾಡಿದ್ದಿದ್ದರೆ ಅದೊಂದೇ, ಅದೂ ತಾನಾಗಿ ಮಾಡಿದ್ದಲ್ಲ.

ನೀಲಾಳ ಬಿ.ಎಡ್. ಮುಗಿದ ಮೇಲೆ ಬಸವನ ಬಾಗೇವಾಡಿಯಿಂದ ಒಂದು ಮನೆಯವರು ಬಂದರು. ಹುಡುಗ ಅಲ್ಲಿಯ ಸಾಲಿ ಮಾಸ್ತರ, ಮಾತು ಕಡಿಮೆ. ಜೊತೆಗೆ ಅವನ ತಾಯಿ, ದಪ್ಪ ಇಳಕಲ್ ಸೀರೆಯುಟ್ಟ ಹೆಣ್ಣುಮಗಳು. ಕೂತ ಕೂಡಲೆ, ಚಹಾ ಬರುವ ಮೊದಲೇ, ಮಾವನವರು ಗಂಟಲು ಸರಿಮಾಡಿಕೊಂಡರು.

“ಒಂದು ಮಾತು ಮೊದಲ ಹೇಳಿಬಿಡ್ತೇನ್ರಿ, ಆಮ್ಯಾಲ ನೀವು ನಮ್ಮನ್ನ ಬಯ್ಯಬಾರದು. ನಮ್ಮ ಹುಡುಗಿ ಕೇಳಿದ್ದಕ್ಕ ಉತ್ತರಾ ಹೇಳ್ತಾಳ.”

ಆ ತಾಯಿ ಸೆರಗು ಸರಿಮಾಡಿಕೊಂಡು, ಒಳಬಾಗಿಲಲ್ಲಿ ನಿಂತ ನೀಲಾಳನ್ನು ಒಂದು ಸಲ ನೋಡಿದರು.

“ಹಂಗಾದ್ರ ಚಲೋ ಆತು ಬಿಡ್ರಿ” ಎಂದರು. “ನಮ್ಮ ಮನ್ಯಾಗ ಕೇಳೋರು ಭಾಳ ಮಂದಿ ಅದಾರ. ಉತ್ತರಾ ಹೇಳೋರ ಇದ್ದಿದ್ದಿಲ್ಲ.”